ದುಡ್ಡು ಕೊಟ್ಟ ಮೇಲೂ ಬಟ್ಟೆ ಬಿಡದ ಟ್ಯಾಗು

ಕೇಳುಗರಿಗೆಲ್ಲ ನಮಸ್ಕಾರ.

ಮದುವೆ, ಉಪನಯನದ ದಿನಗಳು ಬಂದವೆಂದರೆ ನಮ್ಮ ಜಿಲ್ಲೆಯವರು ಬಟ್ಟೆಗಾಗಿ ದೂರ ದೂರ ಹೋಗುತ್ತಾರೆ. ಶಿರಸಿ, ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. ಕಾರವಾರದ ಕಡೆಯವರು ಕೊಂಕಣ ರೈಲಿನಲ್ಲಿ ಮಡಗಾಂವಿಗೆ ಹೋಗಿ ಬರುತ್ತಾರೆ. ಭಟ್ಕಳ, ಹೊನ್ನಾವರದವರಿಗೆ ಉಡುಪಿ, ಮಂಗಳೂರು. ಊರಲ್ಲೇ ಒಳ್ಳೆಯ ಅಂಗಡಿಗಳಿವೆ. ಆದರೂ ಮದುವೆ ಜವಳಿ ಅಂದ ಮೇಲೆ ದೊಡ್ಡ ಪೇಟೆಗೇ ಹೋಗಬೇಕು ಎನ್ನುವುದು ನಮ್ಮಲ್ಲಿ ಹಳೆಯ ರೂಢಿ.

ಹೀಗೆ ತಂದ ಬಟ್ಟೆ ಮನೆಗೆ ಬಂದು ಚೀಲ ಬಿಚ್ಚಿದಾಗ ಒಳಗೊಂದು ಪ್ಲಾಸ್ಟಿಕ್ ಬಿಲ್ಲೆ ಕಂಡರೆ? ಗಟ್ಟಿಯಾಗಿ ಕಚ್ಚಿಕೊಂಡಿದೆ, ತೆಗೆಯಲು ಬರುತ್ತಿಲ್ಲ. ಅಂಗಡಿಯಲ್ಲಿ ಕಳ್ಳತನ ಆಗಬಾರದೆಂದು ಹಾಕಿದ ಸೆಕ್ಯುರಿಟಿ ಟ್ಯಾಗು ಅದು. ಕೌಂಟರಿನಲ್ಲಿ ಬಿಲ್ ಮಾಡುವಾಗ ತೆಗೆಯಬೇಕಿತ್ತು, ತೆಗೆದಿಲ್ಲ. ಇವತ್ತು ನಾನು ಮಾತಾಡುವುದು ಇದರ ಬಗ್ಗೆ.

ನಾನು ಶಿರಸಿಯಲ್ಲಿ ಹೊಲಿಗೆ ಕೆಲಸ ಮಾಡುವವಳು. ಇಂಥ ಬಟ್ಟೆಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ತರುವವರಲ್ಲಿ ಹೆಚ್ಚಿನವರು ಹೆಂಗಸರು. ಮೆಲ್ಲಗೆ ಚೀಲದಿಂದ ತೆಗೆದು, ಆಚೀಚೆ ನೋಡಿ, "ಇದನ್ನು ಹೇಗಾದರೂ ತೆಗೆದುಕೊಡಿ" ಅನ್ನುತ್ತಾರೆ. ಅವರ ದನಿ ತಗ್ಗಿರುತ್ತದೆ. ಎಲ್ಲಿ ಯಾರಾದರೂ ತಪ್ಪು ತಿಳಿಯುತ್ತಾರೋ ಎಂಬ ಅಳುಕು. ನನಗೆ ಬಹಳ ಬೇಸರವಾಗುವುದು ಇದೇ. ಅಡಿಕೆ ಮಾರಿದ ದುಡ್ಡು, ಮೀನು ಮಾರಿದ ದುಡ್ಡು, ತಿಂಗಳ ಸಂಬಳದಲ್ಲಿ ಉಳಿಸಿದ ದುಡ್ಡು ಕೊಟ್ಟು ತಂದ ಸೀರೆ ಅದು. ಮರೆತವರು ಅಂಗಡಿಯವರು. ತಲೆ ತಗ್ಗಿಸುವುದು ಕೊಂಡವರು ಯಾಕೆ?

ಈ ಟ್ಯಾಗು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಇದು ಅಮೆರಿಕದಲ್ಲಿ 1960ರ ದಶಕದಲ್ಲಿ ಶುರುವಾದ ಏರ್ಪಾಡು. ಗಟ್ಟಿ ಟ್ಯಾಗಿಗೆ ಎರಡು ಭಾಗ. ಒಂದು ಕಡೆ ತಲೆ ಇರುವ ಉಕ್ಕಿನ ಪಿನ್ನು. ಇನ್ನೊಂದು ಕಡೆ ಪ್ಲಾಸ್ಟಿಕ್ ಗೂಡು. ಪಿನ್ನು ಬಟ್ಟೆ ದಾಟಿ ಗೂಡಿನೊಳಗೆ ಹೋಗುತ್ತದೆ. ಗೂಡಿನ ಒಳಗೆ ಚಿಕ್ಕ ಚಿಕ್ಕ ಉಕ್ಕಿನ ಗುಂಡುಗಳಿವೆ, ಅವನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್ ಇದೆ. ಪಿನ್ನನ್ನು ಹೊರಗೆ ಎಳೆದರೆ ಗುಂಡುಗಳು ಇಕ್ಕಟ್ಟಿನ ಜಾಗಕ್ಕೆ ಜಾರಿ ಪಿನ್ನನ್ನು ಇನ್ನೂ ಬಿಗಿ ಹಿಡಿಯುತ್ತವೆ. ಜೀರುಗುಣಿಕೆ ಎಳೆದಷ್ಟೂ ಬಿಗಿಯುತ್ತದಲ್ಲ, ಹಾಗೆ. ಕೌಂಟರಿನಲ್ಲಿರುವ ಬಲವಾದ ಆಯಸ್ಕಾಂತದ ಮೇಲೆ ಇಟ್ಟಾಗ ಗುಂಡುಗಳು ಹಿಂದೆ ಸರಿಯುತ್ತವೆ, ಪಿನ್ನು ಸಲೀಸಾಗಿ ಬರುತ್ತದೆ. ಅಂಗಡಿಯಲ್ಲಿ ಒಂದು ಕ್ಷಣದ ಕೆಲಸ.

ಹಾಗಾದರೆ ಬಾಗಿಲಲ್ಲಿ ಸದ್ದು ಆಗಲಿಲ್ಲ ಯಾಕೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಬಾಗಿಲ ಪಕ್ಕದ ಆ ಕಂಬಗಳು ರೇಡಿಯೋ ಅಲೆ ಅಥವಾ ಕಾಂತದ ಅಲೆ ಬಿಡುತ್ತಿರುತ್ತವೆ. ಟ್ಯಾಗು ಅದಕ್ಕೆ ಉತ್ತರ ಕೊಟ್ಟರೆ ಗಂಟೆ ಬಡಿಯುತ್ತದೆ. ಒಂದು ಜಾತಿಯ ಟ್ಯಾಗು 8.2 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಇನ್ನೊಂದು ಜಾತಿಯದು 58 ಕಿಲೋಹರ್ಟ್ಸ್‌ನಲ್ಲಿ. ನೀವು ಈಗ ರೇಡಿಯೋ ಕೇಳುತ್ತಿದ್ದೀರಿ, ಸ್ಟೇಶನ್ ಹೊಂದದಿದ್ದರೆ ದನಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಇಲ್ಲೂ ಅಷ್ಟೇ. ಟ್ಯಾಗು ಒಂದು ಜಾತಿ, ಬಾಗಿಲು ಇನ್ನೊಂದು ಜಾತಿ ಆಗಿದ್ದರೆ ಸದ್ದೇ ಇಲ್ಲ. ಕರೆಂಟು ಹೋಗಿದ್ದರೂ ಇಲ್ಲ. ಟ್ಯಾಗು ಒಂದು ಕೋನದಲ್ಲಿ ತಿರುಗಿ ಮಲಗಿದ್ದರೂ ಕೆಲವೊಮ್ಮೆ ಇಲ್ಲ. ಕೆಲವು ಅಂಗಡಿಯಲ್ಲಿ ಟ್ಯಾಗು ಮಾತ್ರ ಇದೆ, ಬಾಗಿಲ ಕಂಬ ಕೆಟ್ಟು ಕೂತಿದೆ. ಹೀಗಾಗಿ ಸದ್ದಾಗದೆ ಹೊರಗೆ ಬಂದಿರಿ ಎಂದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಇಲ್ಲಿ ಸದ್ದು ಮಾಡದ ಟ್ಯಾಗು, ಅದೇ ಚೀಲ ಹಿಡಿದು ಪಕ್ಕದ ಅಂಗಡಿಗೆ ಹೋದಾಗ ಸದ್ದು ಮಾಡಬಹುದು. ಆಗ ಗಾಬರಿಯಾಗಿ ಓಡಬೇಡಿ. ನಿಂತುಕೊಳ್ಳಿ. ಬಿಲ್ ತೋರಿಸಿ. ಕಾವಲಿನವರು ಬಿಲ್ ಕೇಳಬಹುದು, ಚೀಲ ತೋರಿಸಿ ಎನ್ನಬಹುದು. ಮೈ ಮುಟ್ಟಿ ಹುಡುಕುವ ಅಧಿಕಾರ ಅವರಿಗಿಲ್ಲ. ಹೆಂಗಸರನ್ನು ತಪಾಸಣೆ ಮಾಡಬೇಕಾದರೆ ಪೊಲೀಸರೂ ಮಹಿಳಾ ಸಿಬ್ಬಂದಿಯಿಂದಲೇ ಮಾಡಿಸಬೇಕು ಎಂದು ಕಾನೂನು ಹೇಳುತ್ತದೆ. ಇದನ್ನು ನಮ್ಮ ಹುಡುಗಿಯರಿಗೆ ಹೇಳಿಕೊಟ್ಟಿರಬೇಕು.

ಈಗ ಬಟ್ಟೆ ಮನೆಯಲ್ಲಿದೆ. ಟ್ಯಾಗು ಅದರಲ್ಲಿದೆ. ನಾಳೆ ಮದುವೆ. ಆಗ ಮನೆಯಲ್ಲಿ ಯಾರೋ ಒಬ್ಬರು ಇಕ್ಕಳ ತರುತ್ತಾರೆ, ಇನ್ನೊಬ್ಬರು ಕತ್ತರಿ. ದಯವಿಟ್ಟು ನಿಲ್ಲಿಸಿ. ಹೊಲಿಗೆಯವಳಾಗಿ ನಾನು ಕೈಮುಗಿದು ಕೇಳುವುದು ಇದು. ಇಕ್ಕಳದಿಂದ ಎಳೆದಾಗ ಬಲವೆಲ್ಲ ಬೀಳುವುದು ಪಿನ್ನಿನ ಸುತ್ತಲಿನ ನಾಲ್ಕಾರು ಎಳೆಗಳ ಮೇಲೆ. ರೇಷ್ಮೆಯಾದರೆ ಎಳೆ ಜಗ್ಗಿ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಜರಿ ಇದ್ದರೆ ಕಿತ್ತೇ ಹೋಗುತ್ತದೆ. ಹತ್ತಿಯ ಬಟ್ಟೆಯ ತೂತನ್ನು ನಾನು ಮುಚ್ಚಿಕೊಡಬಲ್ಲೆ. ರೇಷ್ಮೆಯ ಸೆರಗಿನ ಮಧ್ಯೆ ಹರಿದರೆ ಎಷ್ಟು ನಾಜೂಕಾಗಿ ರಫೂ ಮಾಡಿದರೂ ಹತ್ತಿರದಿಂದ ಕಾಣುತ್ತದೆ. ಕೆಲವರು ಲೈಟರ್ ಹಿಡಿದು ಪ್ಲಾಸ್ಟಿಕ್ ಕರಗಿಸಲು ನೋಡುತ್ತಾರೆ. ಇವತ್ತಿನ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಜಾಸ್ತಿ. ಅದು ಕರಗಿ ಕೈಗೆ ಅಂಟುತ್ತದೆ, ಬೆಂಕಿಯೂ ಹಿಡಿಯುತ್ತದೆ. ಇದನ್ನಂತೂ ಮಾಡಲೇಬೇಡಿ.

ಕೆಲವು ಟ್ಯಾಗುಗಳ ಒಳಗೆ ಶಾಯಿ ಇರುತ್ತದೆ. ಸಣ್ಣ ಗಾಜಿನ ನಳಿಗೆಯಲ್ಲಿ ತುಂಬಿಟ್ಟಿರುತ್ತಾರೆ. ಒತ್ತಾಯದಿಂದ ತೆರೆದರೆ ಒಡೆದು ಬಟ್ಟೆಗೆ ಹರಿಯಲಿ, ಕದ್ದವನಿಗೆ ಉಪಯೋಗ ಆಗದಿರಲಿ ಎಂದೇ ಮಾಡಿದ್ದು. ಒಳಗೆ ಬಣ್ಣದ ದ್ರವ ಅಲ್ಲಾಡುವುದು ಕಂಡರೆ, ಅಥವಾ ಶಾಯಿ ಎಂದು ಬರೆದಿದ್ದರೆ, ಅದನ್ನು ಅಮುಕಬೇಡಿ. ಮೇಲೆ ಇಸ್ತ್ರಿ ಆಡಿಸಬೇಡಿ. ಆ ಶಾಯಿ ಹೋಗಬಾರದೆಂದೇ ತಯಾರಿಸಿದ ಶಾಯಿ. ತೊಳೆದರೆ ಹೋಗುತ್ತದೆ ಎಂದು ನಾನು ಸುಳ್ಳು ಧೈರ್ಯ ಹೇಳಲಾರೆ.

"ಬೇಡ, ಹಾಗೇ ಕಪಾಟಿನಲ್ಲಿ ಇಡೋಣ, ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ನೋಡೋಣ" ಎನ್ನುವವರೂ ಇದ್ದಾರೆ. ನಮ್ಮ ಹವೆಯಲ್ಲಿ ಅದೂ ಕಷ್ಟ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ. ಜೂನ್‌ನಿಂದ ಸಪ್ಟೆಂಬರ್ ತನಕ ಕಪಾಟಿನ ಒಳಗೂ ತೇವ. ಕರಾವಳಿಯ ಗಾಳಿಯಲ್ಲಿ ಉಪ್ಪಿನ ಅಂಶ ಬೇರೆ. ಪಿನ್ನಿಗೆ ಮೇಲೊಂದು ಲೇಪ ಇರುತ್ತದೆ ನಿಜ, ಆದರೆ ಅದು ಸವೆದಿದ್ದರೆ ತುಕ್ಕು ಹಿಡಿಯುತ್ತದೆ. ಟ್ಯಾಗು ಸಮೇತ ಬಟ್ಟೆ ಒಗೆದರೂ ಅದೇ ಗತಿ. ಬಿಳಿ ಹತ್ತಿ ಬಟ್ಟೆಯ ತುಕ್ಕಿನ ಕಲೆಗೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆದರೆ ಬಹಳಷ್ಟು ಇಳಿಯುತ್ತದೆ. ಬ್ಲೀಚಿಂಗ್ ಹಾಕಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ರೇಷ್ಮೆಗೆ ಲಿಂಬೆರಸ ಬೇಡವೇ ಬೇಡ, ಡ್ರೈಕ್ಲೀನ್ ಮಾಡುವವರಿಗೇ ಕೊಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಬಿಲ್ ಹುಡುಕಿ. ಈಗಿನ ಬಿಲ್ಲುಗಳು ಹೆಚ್ಚಾಗಿ ನುಣುಪು ಕಾಗದದವು, ಶಾಖಕ್ಕೆ ಅಕ್ಷರ ಮೂಡುವಂಥವು. ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಖಾಲಿ ಕಾಗದ ಉಳಿಯುತ್ತದೆ. ಅದಕ್ಕೆ ಅಂದೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಟ್ಯಾಗಿನ ಫೋಟೋನೂ ತೆಗೆಯಿರಿ. ಆಮೇಲೆ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ. ಜಗಳದ ಮಾತು ಬೇಡ, ಕೇಳಬೇಕಾದ್ದನ್ನು ಕೇಳಿ: ಟ್ಯಾಗು ಉಳಿದಿದೆ, ನಾನು ದೂರದವಳು, ಏನು ಮಾಡುತ್ತೀರಿ? ಅದೇ ಕಂಪನಿಯ ಇನ್ನೊಂದು ಅಂಗಡಿ ನಮ್ಮ ಹತ್ತಿರ ಇದ್ದರೆ ಅಲ್ಲಿ ತೆಗೆಸಿಕೊಡಬಹುದು. ಇಲ್ಲವಾದರೆ ಬಸ್ಸಿನ ಪಾರ್ಸೆಲ್ಲಿನಲ್ಲೋ ಕೊರಿಯರಿನಲ್ಲೋ ಕಳಿಸಿ ತರಿಸುವ ಖರ್ಚು ಅವರದ್ದಾಗಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ದಾರಿ. ಒಂದು ಪಿನ್ನಿಗಾಗಿ ಒಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಂಡು ಕೊಂಡವರೇ ಓಡಾಡಬೇಕು ಎನ್ನುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಪಾರ್ಸೆಲ್ಲಿನ ಒಳಗೆ ಬಿಲ್ಲಿನ ಪ್ರತಿ ಇಡಿ, ಅಸಲು ನಿಮ್ಮ ಹತ್ತಿರವೇ ಇರಲಿ.

ಅವಸರ ಇದ್ದರೆ ಇನ್ನೊಂದು ದಾರಿ ಇದೆ. ಊರಿನಲ್ಲೇ ಇಂಥ ಟ್ಯಾಗು ಬಳಸುವ ಬಟ್ಟೆ ಅಂಗಡಿಗೆ ಬಿಲ್ಲು ಹಿಡಿದು ಹೋಗಿ ಕೇಳಿ. ಆಯಸ್ಕಾಂತದ ಬಲ ಹೊಂದಿದರೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಹೊಂದದೆಯೂ ಇರಬಹುದು, ಕೆಲವು ಟ್ಯಾಗಿಗೆ ಹೆಚ್ಚು ಬಲದ ಆಯಸ್ಕಾಂತ ಬೇಕು, ಕೆಲವಕ್ಕೆ ಕೊಕ್ಕೆಯ ಉಪಕರಣವೇ ಬೇಕು. ಅಂಗಡಿಯವರು ಆಗುವುದಿಲ್ಲ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಬೇರೆಯವರ ಮಾಲಿನ ಟ್ಯಾಗು ತೆಗೆಯಲು ಅವರಿಗೂ ಅಳುಕು ಇರುತ್ತದೆ. ನನ್ನ ಹತ್ತಿರ ತಂದವರಿಗೂ ನಾನು ಬಿಲ್ ಕೇಳುತ್ತೇನೆ. ಅನುಮಾನದಿಂದ ಅಲ್ಲ. ನಾಳೆ ಯಾರಾದರೂ ಕೇಳಿದರೆ ಇಬ್ಬರಿಗೂ ಉತ್ತರ ಇರಲಿ ಎಂದು.

ಅಂಗಡಿಯವರು ಫೋನೇ ಎತ್ತಲಿಲ್ಲ, ಅಥವಾ "ಮಾರಿದ ಮಾಲು ವಾಪಸ್ಸಿಲ್ಲ" ಎಂದುಬಿಟ್ಟರು ಅನ್ನಿ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರದ್ದು, 2020ರ ಜುಲೈಯಿಂದ ಜಾರಿಯಲ್ಲಿದೆ. ಬಿಲ್ ಕೊಡದಿರುವುದೂ, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದೂ ಅದರ ಪ್ರಕಾರ ಅನುಚಿತ ವ್ಯಾಪಾರ. ಉಡಲಾಗದ ಸ್ಥಿತಿಯಲ್ಲಿ ಬಟ್ಟೆ ಕೊಟ್ಟು ಕೈತೊಳೆದುಕೊಳ್ಳುವುದು ಅಂಗಡಿಯ ಲೋಪವೇ ಎಂದು ನನ್ನ ಅಭಿಪ್ರಾಯ. 1915 ಎಂಬ ನಂಬರಿಗೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೆಚ್ಚಿನ ಸಲ ಅಲ್ಲಿಂದ ಒಂದು ಮಾತು ಹೋದರೆ ಸಾಕು. ಅದಕ್ಕೂ ಬಗ್ಗದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಬಟ್ಟೆ ಕೊಂಡದ್ದು ಹುಬ್ಬಳ್ಳಿಯಲ್ಲಾದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿ ತನಕ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ.

ಇನ್ನು ಅಂಟಿನ ಚೀಟಿಗಳು, ಬಟ್ಟೆಯ ಪಟ್ಟಿಯೊಳಗೆ ಹೊಲಿದ ಎಲೆಕ್ಟ್ರಾನಿಕ್ ಚಿಪ್‌ಗಳ ಬಗ್ಗೆ ಎರಡೇ ಮಾತು. ಅವುಗಳಲ್ಲಿ ಪಿನ್ನು ಇಲ್ಲ. ಅಂಟಿನದನ್ನು ಕಿತ್ತರಾಯಿತು, ಹೊಲಿದದ್ದನ್ನು ಪಟ್ಟಿಯ ಮೇಲೆ ತೋರಿಸಿದ ಗೆರೆಯಲ್ಲಿ ಕತ್ತರಿಸಿದರಾಯಿತು. ಮೈಗೆ ಹಾನಿಯೂ ಇಲ್ಲ. ಆನ್‌ಲೈನ್ ಬಟ್ಟೆಗೆ ಕಟ್ಟಿರುವ ದೊಡ್ಡ ಚೀಟಿ ಮಾತ್ರ ಬೇರೆ. ಅದನ್ನು ಕತ್ತರಿಸಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಅಳತೆ ಸರಿ ಇದೆಯೋ ಇಲ್ಲವೋ ನೋಡಿದ ಮೇಲೆ ಕತ್ತರಿ ಹಾಕಿ. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರು ಅಂಗಡಿಯ ಆ ಬಾಗಿಲ ಕಂಬಗಳ ನಡುವೆ ನಿಂತು ಮಾತಾಡುವುದು, ಒರಗುವುದು ಬೇಡ. ಸುಮ್ನೆ ದಾಟಿ ಹೋದರೆ ತೊಂದರೆ ಇಲ್ಲ. ಟ್ಯಾಗು ತೆಗೆಯುವ ಆಯಸ್ಕಾಂತದಿಂದಲೂ ದೂರ ಇರಿ.

ಕೊನೆಯದಾಗಿ ನಮ್ಮ ಜಿಲ್ಲೆಯ ಅಂಗಡಿಯವರಿಗೆ, ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ಹಬ್ಬದ ದಿನ, ಮಾರಿಕಾಂಬಾ ಜಾತ್ರೆಯ ದಿನ ನಿಮ್ಮ ಕೌಂಟರಿನಲ್ಲಿ ಎಷ್ಟು ನೂಕುನುಗ್ಗಲು ಎಂದು ನನಗೆ ಗೊತ್ತು. ದಿನವಿಡೀ ನಿಂತೇ ಇರುತ್ತೀರಿ. ಆದರೂ ಮಡಿಚುವಾಗ ಒಮ್ಮೆ ಅಂಗೈ ಆಡಿಸಿ, ಗಟ್ಟಿ ಸಿಕ್ಕರೆ ತಿಳಿಯುತ್ತದೆ. ಟ್ಯಾಗು ಹಾಕುವಾಗ ಹೊಲಿಗೆಯ ಸಂದಿನಲ್ಲಿ ಹಾಕಿ, ಅಲ್ಲಿ ತೂತು ಕಾಣುವುದಿಲ್ಲ. ಸೀರೆಯಾದರೆ ಒಳಗಿನ ತುದಿಯ ಅಂಚಿನಲ್ಲಿ ಹಾಕಿ, ಅದು ಸೊಂಟದೊಳಗೆ ಹೋಗುತ್ತದೆ. ಸೆರಗಿಗೆ, ಜರಿಗೆ ಪಿನ್ನು ತಾಗಿಸಬೇಡಿ. ಒಂದು ಬಟ್ಟೆಗೆ ಒಂದೇ ಟ್ಯಾಗು, ಅದೂ ಯಾವಾಗಲೂ ಒಂದೇ ಜಾಗದಲ್ಲಿ ಇದ್ದರೆ ಬಿಲ್ ಮಾಡುವವರಿಗೆ ಹುಡುಕುವ ಕೆಲಸವೇ ಇಲ್ಲ.

ಕೊಳ್ಳುವವರೂ ಅಷ್ಟೇ. ದುಡ್ಡು ಕೊಟ್ಟ ಮೇಲೆ ಚೀಲ ಕೈಗೆ ಬಂದ ಕೂಡಲೇ ಬಸ್ಸಿಗೆ ಓಡಬೇಡಿ. ಅಲ್ಲೇ ಕೌಂಟರಿನ ಪಕ್ಕ ನಿಂತು ಒಂದೊಂದೇ ಬಟ್ಟೆ ಮುಟ್ಟಿ ನೋಡಿ. ಸೀರೆಯ ಜೊತೆಗೆ ರವಿಕೆ ಕಣ, ಚೂಡಿದಾರದ ಜೊತೆಗೆ ವೇಲು, ಸೂಟಿನ ಒಳಗೆ ಪ್ಯಾಂಟು ಇರುತ್ತವಲ್ಲ, ಎರಡನೆಯ ಟ್ಯಾಗು ಉಳಿಯುವುದು ಹೆಚ್ಚಾಗಿ ಅಲ್ಲೇ. ಹಿಂದೆ ಸಾಲು ನಿಂತಿದ್ದರೂ ಪರವಾಗಿಲ್ಲ, ಪೂರ್ತಿ ನೋಡಿಯೇ ಹೊರಡಿ.

ನಮಸ್ಕಾರ.