ಗಂಗಾಮೂಲದ ಪಂಡಿತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪಂಡಿತಾ ರಮಾಬಾಯಿ ಎಂದರೆ ಪುಣೆಯವರು ಎಂದೇ ಅನೇಕರು ತಿಳಿದಿದ್ದಾರೆ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಹೇಳಿಕೊಟ್ಟರೆಂಬುದೇ ಅವರ ಮೇಲಿದ್ದ ದೂರು. ಅದಕ್ಕಾಗಿ ಉಡುಪಿಗೆ ಹೋಗಿ ಪಂಡಿತರ ಎದುರು ಸಮಜಾಯಿಷಿ ಕೊಡಬೇಕಾಯಿತು.

ಆ ತಾಯಿ ಲಕ್ಷ್ಮೀಬಾಯಿಗೆ ಹಗಲೆಲ್ಲ ಮನೆಗೆಲಸ, ಬಂದವರ ಊಟೋಪಚಾರ. ಹಾಗಾಗಿ ಬೆಳಕು ಹರಿಯುವ ಮೊದಲೇ ಮಗಳನ್ನು ಮುದ್ದಿಸಿ ಎಬ್ಬಿಸಿ, ತೋಳಲ್ಲಿ ಹಿಡಿದುಕೊಂಡು ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ರಮಾಬಾಯಿಯವರ ವಿದ್ಯೆಯೆಲ್ಲ ಶುರುವಾದದ್ದು ಅಲ್ಲಿಂದ.

ಬರಗಾಲ ತಂದೆ ತಾಯಿ ಇಬ್ಬರನ್ನೂ ನುಂಗಿತು. ತಾಯಿ ತೀರಿಕೊಂಡಾಗ ಹೆಣ ಹೊರಲು ಜನ ಸಾಲದೆ ಮಗಳೇ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಗಿಡ್ಡ ಆಳು, ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊತ್ತರು. ಆಮೇಲೆ ಅಣ್ಣ ಶ್ರೀನಿವಾಸನ ಜೊತೆ ಊರೂರು ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಜಾತಿ ಮೀರಿ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. ಎರಡೇ ವರ್ಷದೊಳಗೆ ಅವರೂ ಹೋದರು. ಕೈಯಲ್ಲಿ ಎಳೆಯ ಮಗಳು ಮನೋರಮಾ.

ಗಂಡ ತೀರಿಕೊಂಡ ಆ 1882ರಲ್ಲೇ, ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ಕೇಳಿದ್ದು ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರನ್ನು, ಅವರ ಕಾಯಿಲೆ ನೋಡಲು ವೈದ್ಯೆಯರನ್ನು. ಗಂಡು ಡಾಕ್ಟರಿಗೆ ತೋರಿಸಲು ನಾಚಿ ಹೆಂಗಸರು ಸಾಯುತ್ತಿದ್ದ ಕಾಲ ಅದು.

ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸೇರಿದ್ದಕ್ಕೆ ಜನ ಅವರನ್ನು ಇವತ್ತಿಗೂ ತೂಗುತ್ತಾರೆ. ನನಗೆ ಆ ತಕ್ಕಡಿ ಒಪ್ಪಿಗೆಯಿಲ್ಲ. ಅವರನ್ನು ಅಳೆಯಬೇಕಾದ್ದು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನದಿಂದ. ಅಲ್ಲಿಗೆ ಮೊದಮೊದಲು ಬಂದ ವಿಧವೆ ಗೋದೂಬಾಯಿ ಮುಂದೆ ಧೋಂಡೊ ಕೇಶವ ಕರ್ವೆಯವರ ಕೈಹಿಡಿದರು. ಆ ಕರ್ವೆಯವರೇ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು.

1896ರ ಬರಗಾಲ ಬಂದಾಗ ಹಸಿವೆಂದರೇನೆಂದು ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬರದ ಜಿಲ್ಲೆಗಳಿಗೆ ಹೋಗಿ ನೂರಾರು ಹುಡುಗಿಯರನ್ನು ಪುಣೆಯ ಹತ್ತಿರದ ಕೇಡಗಾಂವ್‌ಗೆ ಕರೆತಂದರು. ಅಲ್ಲಿ ಅವರು ಕಟ್ಟಿದ ‘ಮುಕ್ತಿ’ ಆಶ್ರಮದಲ್ಲಿ ಓದು ಬರಹದ ಜೊತೆಗೆ ನೇಯ್ಗೆ, ಬೇಸಾಯ, ಅಚ್ಚುಕೂಟದ ಕೆಲಸ, ಕಣ್ಣಿಲ್ಲದವರಿಗೆ ಬ್ರೈಲ್. ತನ್ನ ಅನ್ನ ತಾನೇ ದುಡಿಯಲು ಕಲಿತವಳನ್ನು ಯಾರೂ ಮೂಲೆಗೆ ತಳ್ಳಲಾರರೆಂದು ಅವರು ನಂಬಿದ್ದರು. ಕಡೆಯ ವರ್ಷಗಳಲ್ಲಿ ಬೈಬಲನ್ನು ಮೂಲ ಹೀಬ್ರೂ, ಗ್ರೀಕ್‌ನಿಂದ ಸರಳ ಮರಾಠಿಗೆ ತಂದರು. ಅದರ ಅಚ್ಚುಮೊಳೆ ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು. ಮುಕ್ತಿ ಇಂದಿಗೂ ಕೇಡಗಾಂವ್‌ನಲ್ಲಿ ನಡೆಯುತ್ತಿದೆ.

ನಮಸ್ಕಾರ.