ಝಾಂಬಿ ಆಚೆಗಿನ ಕ್ರ್ಯಾನ್‌ಬೆರೀಸ್: ಎಂಟು ಆಲ್ಬಂ, ಒಂದು ದನಿ

[ತೆರೆಯಲ್ಲಿ: ಕಪ್ಪು. ನಾಲ್ಕು ಗಿಟಾರ್ ಕಾರ್ಡ್‌ಗಳು, ನಿಧಾನಕ್ಕೆ.]

ಈ ನಾಲ್ಕು ಕಾರ್ಡ್ (ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಕೆಲವು ಸ್ವರಗಳ ಗುಚ್ಛ) ಕೇಳಿದ ತಕ್ಷಣ ಅರ್ಧ ಜನಕ್ಕೆ ಗೊತ್ತಾಗಿರುತ್ತೆ. ಝಾಂಬಿ. ದಿ ಕ್ರ್ಯಾನ್‌ಬೆರೀಸ್ ಅನ್ನೋ ಬ್ಯಾಂಡಿನ 1994ರ ಹಾಡು. 2020ರ ಏಪ್ರಿಲ್‌ನಲ್ಲಿ ಇದರ ವಿಡಿಯೋ ಯೂಟ್ಯೂಬ್‌ನಲ್ಲಿ 100 ಕೋಟಿ ವ್ಯೂಸ್ ದಾಟಿತು. ಐರ್ಲೆಂಡಿನ ಬ್ಯಾಂಡೊಂದಕ್ಕೆ ಅದೇ ಮೊದಲು.

ಆದ್ರೆ ಈ ಒಂದು ಹಾಡನ್ನ ನಂಬ್ಕೊಂಡು ದಿ ಕ್ರ್ಯಾನ್‌ಬೆರೀಸ್ ಆಲ್ಬಂ ಹಾಕಿದ್ರೆ ಗ್ಯಾರಂಟಿ ಗಲಿಬಿಲಿ ಆಗ್ತೀರಿ. ಯಾಕಂದ್ರೆ ಇದು ಗದ್ದಲದ ಬ್ಯಾಂಡೇ ಅಲ್ಲ. ಇವರದ್ದು ಒಟ್ಟು ಎಂಟು ಸ್ಟುಡಿಯೋ ಆಲ್ಬಂ. ನನ್ನ ಪ್ರಕಾರ ಹಾಡುಗಾರ್ತಿಯ ದನಿಗೆ ಜಾಗ ಬಿಟ್ಟಾಗಲೆಲ್ಲ ಇವರು ಗೆದ್ದಿದ್ದಾರೆ, ಝಾಂಬಿ ಥರ ಅಬ್ಬರಿಸೋಕೆ ಹೋದಾಗ ಎಡವಿದ್ದಾರೆ. ನಿಮಗೆ ಬೇರೆ ಅನ್ನಿಸಬಹುದು, ಕಾಮೆಂಟ್‌ನಲ್ಲಿ ಜಗಳ ಆಡೋಣ.

[ತೆರೆಯಲ್ಲಿ: ಐರ್ಲೆಂಡ್ ನಕ್ಷೆ, ನೈಋತ್ಯದಲ್ಲಿ ಲಿಮರಿಕ್.]

ಡಬ್ಲಿನ್ ಅಲ್ಲ, ಲಿಮರಿಕ್. 1989ರಲ್ಲಿ ನೋಯೆಲ್ ಹೋಗನ್, ಮೈಕ್ ಹೋಗನ್ ಅನ್ನೋ ಅಣ್ಣತಮ್ಮ, ಡ್ರಮ್ಸ್‌ಗೆ ಫರ್ಗಲ್ ಲಾಲರ್, ಹಾಡೋಕೆ ನೈಲ್ ಕ್ವಿನ್ ಸೇರಿ ಬ್ಯಾಂಡ್ ಕಟ್ಟಿದ್ರು. ಮರುವರ್ಷವೇ ಕ್ವಿನ್ ಬಿಟ್ಟು ಹೋದ. ಅವನ ಜಾಗಕ್ಕೆ ಬಂದವಳು ಡೊಲೊರೆಸ್ ಓ'ರಿಯೋರ್ಡನ್. ಲಿಮರಿಕ್ ಪಕ್ಕದ ಬ್ಯಾಲಿಬ್ರಿಕನ್ ಅನ್ನೋ ಹಳ್ಳಿ ಕಡೆಯವಳು, ಚರ್ಚ್‌ನಲ್ಲಿ ಹಾಡಿ ಬೆಳೆದವಳು. ನೋಯೆಲ್ ಅವಳ ಕೈಗೆ ಒಂದು ಕ್ಯಾಸೆಟ್ ಕೊಟ್ಟ. ಅದರಲ್ಲಿ ಬರೀ ಕಾರ್ಡ್‌ಗಳು, ಸಾಹಿತ್ಯ ಇಲ್ಲ. ಅವಳು ಮನೆಗೆ ಒಯ್ದು, ಮಾತೂ ರಾಗವೂ ಕೂಡಿಸಿ ವಾಪಸ್ ತಂದಳು. ಆ ಹಾಡೇ ಲಿಂಗರ್.

ಒಂದು ನಿಮಿಷ ಇಲ್ಲಿ ನಿಲ್ಲೋಣ, ವಿಡಿಯೋದ ಜೀವ ಇರೋದೇ ಇಲ್ಲಿ.

[ತೆರೆಯಲ್ಲಿ: ಗಿಟಾರ್ ಕೈಯಲ್ಲಿ, ಲಿಂಗರ್‌ನ ನಾಲ್ಕು ಕಾರ್ಡ್.]

ಡಿ, ಎ, ಸಿ, ಜಿ. ಪಲ್ಲವಿಗೂ ಅವೇ, ಚರಣಕ್ಕೂ ಅವೇ. ಹಾಡು ಮುಗಿಯೋವರೆಗೂ ಸುತ್ತೋದು ಅಷ್ಟೇ. ಈಗ ಝಾಂಬಿ ತಗೊಳ್ಳಿ: ಇ ಮೈನರ್, ಸಿ, ಜಿ, ಆಮೇಲೆ ಡಿ. ಅಲ್ಲೂ ನಾಲ್ಕೇ ಕಾರ್ಡ್, ಮೊದಲಿಂದ ಕೊನೇವರೆಗೆ. ಹೊಸದಾಗಿ ಗಿಟಾರ್ ಹಿಡಿದವರೆಲ್ಲ ಝಾಂಬಿ ಬಾರಿಸೋದು ಇದೇ ಕಾರಣಕ್ಕೆ! ಅಂದ್ರೆ ಒಂದು ಮೆಲ್ಲಗಿನ ಪ್ರೇಮಗೀತೆ, ಇನ್ನೊಂದು ಸಿಟ್ಟಿನ ಹಾಡು, ಆದ್ರೆ ಎರಡರ ಕಟ್ಟಡ ಒಂದೇ. ಸಂಗೀತ ಇದ್ದಲ್ಲೇ ಸುತ್ತುತ್ತೆ, ಮುಂದಕ್ಕೆ ಹೋಗೋದು ದನಿ.

ಆ ದನಿ ಮಾಡೋ ಕೆಲಸ ಗಮನಿಸಿ. ನಾವು ಸಾಮಾನ್ಯವಾಗಿ ಎದೆಯ ದನಿಯಲ್ಲಿ ಹಾಡ್ತೀವಿ. ಮೇಲಿನ ಸ್ವರಕ್ಕೆ ಹೋದಾಗ ಅದು ತೆಳು ದನಿಗೆ ಜಾರುತ್ತೆ. ಈ ಎರಡರ ನಡುವೆ ಒಂದು ಬಿರುಕು ಇದೆ. ತರಬೇತಿ ಪಡೆದವರು ಅದು ಕೇಳಿಸದ ಹಾಗೆ ದಾಟ್ತಾರೆ. ಡೊಲೊರೆಸ್ ಉಲ್ಟಾ: ಬೇಕಂತಲೇ ಆ ಬಿರುಕಿನ ಮೇಲೆ ನಿಂತು, ಸಾಲಿನ ಕೊನೆಯ ಅಕ್ಷರವನ್ನ ಒಡೆದು ಮೇಲಕ್ಕೆ ಚಿಮ್ಮಿಸ್ತಾಳೆ. ಮೇಲಾಗಿ, ಲಿಮರಿಕ್ ಉಚ್ಚಾರಣೆಯನ್ನ ಒಂಚೂರೂ ತಿದ್ದಿಕೊಳ್ಳಲ್ಲ. ಅಮೆರಿಕನ್ ಥರ ಹಾಡಬೇಕು ಅನ್ನೋ ಚಾಳಿ ಆಗ ಎಲ್ಲ ಕಡೆ ಇತ್ತು, ಇವಳಿಗೆ ಅಂಟಲೇ ಇಲ್ಲ.

[ತೆರೆಯಲ್ಲಿ: 1993.]

ಮೊದಲ ಆಲ್ಬಂ: ಎವ್ರಿಬಡಿ ಎಲ್ಸ್ ಈಸ್ ಡೂಯಿಂಗ್ ಇಟ್, ಸೋ ವೈ ಕಾಂಟ್ ವಿ? ಇದರ ಮೊದಲ ಪ್ರಯತ್ನ ಹಳಿ ತಪ್ಪಿ, ಮ್ಯಾನೇಜರ್ ಜೊತೆ ಸಂಬಂಧ ಮುರಿದು, ಎಲ್ಲ ಮೊದಲಿಂದ ಶುರು ಆಯ್ತು. ಆಗ ಬಂದವನು ನಿರ್ಮಾಪಕ ಸ್ಟೀಫನ್ ಸ್ಟ್ರೀಟ್, ದಿ ಸ್ಮಿತ್ಸ್ ಅನ್ನೋ ಇಂಗ್ಲಿಷ್ ಬ್ಯಾಂಡ್ ಜೊತೆ ಕೆಲಸ ಮಾಡಿದವನು. (ರೆಕಾರ್ಡಿಂಗ್‌ನಲ್ಲಿ ನಿರ್ಮಾಪಕ ಅಂದ್ರೆ ದುಡ್ಡು ಹಾಕೋನಲ್ಲ, ಯಾವ ವಾದ್ಯ ಎಷ್ಟು ಕೇಳಿಸಬೇಕು, ಯಾವುದನ್ನ ತೆಗೆಯಬೇಕು ಅಂತ ತೀರ್ಮಾನ ಮಾಡೋನು.) ಡಬ್ಲಿನ್‌ನ ವಿಂಡ್‌ಮಿಲ್ ಲೇನ್ ಸ್ಟುಡಿಯೋದಲ್ಲಿ ಅವನು ಗಿಟಾರನ್ನ ಹಗುರ ಇಟ್ಟ, ಲಿಂಗರ್‌ಗೆ ಪಿಟೀಲುಗಳನ್ನ ತಂದ, ದನಿಯನ್ನ ಮುಂದಕ್ಕೆ ಕೂರಿಸಿದ.

ಮಾರ್ಚ್ 1993ರಲ್ಲಿ ಆಲ್ಬಂ ಬಂತು. ಬ್ರಿಟನ್‌ನಲ್ಲಿ ಯಾರೂ ಮೂಸಿ ನೋಡಲಿಲ್ಲ. ಬ್ಯಾಂಡ್ ಅಮೆರಿಕಕ್ಕೆ ಹೋಗಿ ಬೇರೆಯವರ ಶೋಗಳಿಗೆ ಮುಂಚೆ ಬಾರಿಸ್ತಾ ಓಡಾಡಿತು. ಅಲ್ಲಿ ಎಂಟಿವಿ ಲಿಂಗರ್ ಹಾಡನ್ನ ಹಿಡ್ಕೊಂತು, ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ಅಮೆರಿಕ ಮೆಚ್ಚಿದ ಮೇಲೆ ಬ್ರಿಟನ್‌ಗೂ ಕಿವಿ ಕೇಳಿಸ್ತು! 1994ರ ಜೂನ್‌ನಲ್ಲಿ, ಬಿಡುಗಡೆಯಾಗಿ ವರ್ಷ ಕಳೆದ ಮೇಲೆ, ಆಲ್ಬಂ ಅಲ್ಲಿ ನಂಬರ್ 1.

[ತೆರೆಯಲ್ಲಿ: ಒಂದು ಸೋಫಾ, ಅದರ ಮೇಲೆ ನಾಲ್ಕು ಜನ.]

ಎರಡನೇ ಆಲ್ಬಂ, ನೋ ನೀಡ್ ಟು ಆರ್ಗ್ಯೂ, ಅಕ್ಟೋಬರ್ 1994. ಮುಖಪುಟದಲ್ಲಿ ಮೊದಲ ಆಲ್ಬಂನಲ್ಲಿದ್ದ ಸೋಫಾನೇ. ಝಾಂಬಿ ಇರೋದು ಇದರಲ್ಲಿ. 1993ರ ಮಾರ್ಚ್ 20ರಂದು ಇಂಗ್ಲೆಂಡಿನ ವಾರಿಂಗ್‌ಟನ್ ಪೇಟೆಯಲ್ಲಿ ಐಆರ್‌ಎ (ಉತ್ತರ ಐರ್ಲೆಂಡನ್ನ ಬ್ರಿಟನ್‌ನಿಂದ ಬಿಡಿಸಿ ಐರ್ಲೆಂಡಿಗೆ ಸೇರಿಸೋಕೆ ಹೋರಾಡ್ತಿದ್ದ ಸಶಸ್ತ್ರ ಗುಂಪು) ಕಸದ ಡಬ್ಬಗಳಲ್ಲಿ ಬಾಂಬ್ ಇಟ್ಟಿತ್ತು. ಮೂರು ವರ್ಷದ ಒಂದು ಮಗು, ಹನ್ನೆರಡು ವರ್ಷದ ಒಬ್ಬ ಹುಡುಗ ಸತ್ತರು. ಆಗ ಪ್ರವಾಸದಲ್ಲಿದ್ದ ಡೊಲೊರೆಸ್ ಒಬ್ಬಳೇ ಕೂತು ಬರೆದ ಹಾಡಿದು. ಬ್ರಿಟಿಷ್ ಆಳ್ವಿಕೆ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ 1916ರ ಈಸ್ಟರ್ ದಂಗೆಯ ಪ್ರಸ್ತಾಪವೂ ಅದರಲ್ಲಿದೆ. ಬಂದೂಕು ಹಿಡಿದವರು ನಮ್ಮ ಹೆಸರಲ್ಲಿ ಹಿಡಿಯೋದು ಬೇಡ ಅನ್ನೋದು ಹಾಡಿನ ಧ್ವನಿ. ಉತ್ತರ ಐರ್ಲೆಂಡಿನ ಇತಿಹಾಸವನ್ನ ಇಷ್ಟು ಸರಳ ಮಾಡಿದ್ದು ಸರಿಯಾ ಅನ್ನೋ ತಕರಾರು ಇವತ್ತಿಗೂ ನಿಂತಿಲ್ಲ. 2023ರ ರಗ್ಬಿ ವಿಶ್ವಕಪ್‌ನಲ್ಲಿ ಐರ್ಲೆಂಡ್ ಅಭಿಮಾನಿಗಳು ಪ್ಯಾರಿಸ್‌ನ ಮೈದಾನದಲ್ಲಿ ಇದನ್ನ ಒಟ್ಟಾಗಿ ಹಾಡಿದಾಗ ಅದೇ ಜಗಳ ಮತ್ತೆ ಎದ್ದಿತು.

ಈಗ ಆಲ್ಬಂ ಪೂರ್ತಿ ಕೇಳಿ. 13 ಹಾಡು, ಝಾಂಬಿ ನಾಲ್ಕನೆಯದು. ಶುರುವಾಗೋದು ಓಡ್ ಟು ಮೈ ಫ್ಯಾಮಿಲಿ ಅನ್ನೋ ಮನೆ ನೆನಪಿನ ಹಾಡಿನಿಂದ. ಮುಗಿಯೋದು ಶೀರ್ಷಿಕೆ ಗೀತೆಯಿಂದ: ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ, ಆರ್ಗನ್ ಜೊತೆ ಅವಳ ದನಿ ಅಷ್ಟೇ, ಖಾಲಿ ಚರ್ಚ್‌ನಲ್ಲಿ ಹಾಡಿದ ಹಾಗೆ. ನನಗೆ ಕೇಳಿದ್ರೆ ಆಲ್ಬಂನ ಎತ್ತರ ಅದು. ಡೊಲೊರೆಸ್ ಯೇಟ್ಸ್ ಕವಿಯ ಸಾಲುಗಳನ್ನ ಓದೋ ಒಂದು ಹಾಡೂ ಇದೆ, ಹೆಚ್ಚಿನವರು ದಾಟಿಸಿಬಿಡ್ತಾರೆ. ಬಿಡಬೇಡಿ.

[ತೆರೆಯಲ್ಲಿ: 1996.]

ಮೂರನೆಯದು ಟು ದಿ ಫೇಯ್ತ್‌ಫುಲ್ ಡಿಪಾರ್ಟೆಡ್. ಸ್ಟ್ರೀಟ್ ಬದಲು ಬ್ರೂಸ್ ಫೇರ್‌ಬೇರ್ನ್ ಬಂದ, ಏರೋಸ್ಮಿತ್, ಬಾನ್ ಜೋವಿ ಥರದ ಅಬ್ಬರದ ರಾಕ್ ಬ್ಯಾಂಡುಗಳಿಗೆಲ್ಲ ರೆಕಾರ್ಡ್ ಮಾಡಿದ ಕೈ. ಝಾಂಬಿ ಹಿಂದಿನ ಆಲ್ಬಂಗೆ ಉಪ್ಪಿನಕಾಯಿ ಇದ್ದ ಹಾಗೆ ಇತ್ತು. ಇಲ್ಲಿ ಎಲೆ ತುಂಬ ಅದನ್ನೇ ಬಡಿಸಿದ್ರು. ಸಾಲ್ವೇಶನ್‌ನಲ್ಲಿ ಡ್ರಗ್ಸ್ ಬೇಡ ಅನ್ನೋ ಬೋಧನೆ, ಒಂದು ಹಾಡು ಬೋಸ್ನಿಯಾ ಬಗ್ಗೆ, ಇನ್ನೊಂದು ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಕೊಲೆ ಬಗ್ಗೆ. ಸಂಕಟ ನಿಜ, ಹಾಡುಗಳು ಮಾತ್ರ ಪತ್ರಿಕೆಯ ತಲೆಬರಹ ಓದಿದ ಹಾಗಿವೆ. ಅದೇ ಆಲ್ಬಂನಲ್ಲಿ ವೆನ್ ಯೂ ಆರ್ ಗಾನ್ ಅಂತ ಒಂದು ನಿಧಾನದ ಹಾಡಿದೆ. ಎಲ್ಲರೂ ವಾಲ್ಯೂಮ್ ಇಳಿಸ್ತಾರೆ, ತಕ್ಷಣ ಹಳೇ ಬ್ಯಾಂಡ್ ವಾಪಸ್. ಆಲ್ಬಂ ಚೆನ್ನಾಗೇ ಮಾರಾಟ ಆಯ್ತು, ಆದ್ರೆ ಡೊಲೊರೆಸ್‌ಳ ಆರೋಗ್ಯ ಕೈಕೊಟ್ಟು ಆ ವರ್ಷದ ಪ್ರವಾಸ ಅರ್ಧಕ್ಕೇ ನಿಂತಿತು.

ಮುಂದಿನವನ್ನ ಬೇಗ ದಾಟ್ತೀನಿ. 1999ರ ಬರಿ ದಿ ಹ್ಯಾಚೆಟ್‌ನಲ್ಲಿ ತಾಯಿಯಾದ ಮೇಲಿನ ಡೊಲೊರೆಸ್ ಸಿಗ್ತಾಳೆ. ಅನಿಮಲ್ ಇನ್‌ಸ್ಟಿಂಕ್ಟ್ ಒಂದು ಕೇಳಿದ್ರೆ ಸಾಕು. 2001ರ ವೇಕ್ ಅಪ್ ಆ್ಯಂಡ್ ಸ್ಮೆಲ್ ದಿ ಕಾಫಿಗೆ ಸ್ಟ್ರೀಟ್ ಮರಳಿದ, ಹಾಡುಗಳು ಮಾತ್ರ ಸುಸ್ತಾಗಿದ್ದವು. 2003ರಲ್ಲಿ ಬ್ಯಾಂಡ್ ಬಿಡುವು ತಗೊಂತು, ಡೊಲೊರೆಸ್ ಎರಡು ಸೋಲೋ ಆಲ್ಬಂ ಮಾಡಿದಳು, 2009ರಲ್ಲಿ ಮತ್ತೆ ಸೇರಿದ್ರು. 2012ರ ರೋಸಸ್, ಮತ್ತೆ ಸ್ಟ್ರೀಟ್ ಜೊತೆ. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋದ, ಒಳ್ಳೇ ಆಲ್ಬಂ.

2017ರ ಸಮ್‌ಥಿಂಗ್ ಎಲ್ಸ್‌ಗಾಗಿ ಐರಿಶ್ ಚೇಂಬರ್ ಆರ್ಕೆಸ್ಟ್ರಾದ ತಂತಿವಾದ್ಯಗಳನ್ನ ಕೂರಿಸ್ಕೊಂಡು ಲಿಮರಿಕ್ ವಿಶ್ವವಿದ್ಯಾಲಯದಲ್ಲಿ ಹತ್ತು ಹಳೇ ಹಾಡುಗಳನ್ನ ಮತ್ತೆ ಹಾಡಿದ್ರು. ಜೊತೆಗೆ ಮೂರು ಹೊಸದು. ಝಾಂಬಿ ಇದರಲ್ಲೂ ಇದೆ, ಡಿಸ್ಟಾರ್ಷನ್ (ಗಿಟಾರ್ ಸದ್ದನ್ನ ಬೇಕಂತಲೇ ಒರಟು ಮಾಡೋದು) ಇಲ್ಲದೆ. ಗದ್ದಲ ತೆಗೆದ್ರೂ ಹಾಡು ಬೀಳಲ್ಲ. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

[ತೆರೆಯಲ್ಲಿ: 15 ಜನವರಿ 2018. ಸಂಗೀತ ಇಲ್ಲ.]

ಆ ದಿನ ಲಂಡನ್‌ನ ಹೋಟೆಲ್ ಕೋಣೆಯಲ್ಲಿ ಡೊಲೊರೆಸ್ ತೀರಿಕೊಂಡಳು. 46 ವರ್ಷ. ಮದ್ಯದ ಅಮಲಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಆಕಸ್ಮಿಕವಾಗಿ ಮುಳುಗಿದ್ದು ಅಂತ ವಿಚಾರಣೆಯಲ್ಲಿ ತೀರ್ಮಾನ ಆಯ್ತು. ಬ್ಯಾಡ್ ವುಲ್ವ್ಸ್ ಅನ್ನೋ ಅಮೆರಿಕನ್ ಬ್ಯಾಂಡ್ ಮಾಡಿದ್ದ ಝಾಂಬಿಯ ಹೊಸ ಆವೃತ್ತಿಗೆ ಅವಳು ಅವತ್ತೇ ದನಿ ಕೊಡಬೇಕಿತ್ತು.

ನೋಯೆಲ್ ಹತ್ತಿರ ಒಂದಷ್ಟು ಡೆಮೋಗಳು ಉಳಿದಿದ್ವು. 2017ರಿಂದ ಅವನು ಸಂಗೀತ ಕಳಿಸೋದು, ಅವಳು ಹಾಡಿ ವಾಪಸ್ ಕಳಿಸೋದು ನಡೆದಿತ್ತು. ಡೆಮೋ ಅಂದ್ರೆ ಕರಡು: ರಾಗ ಮರೀಬಾರದು ಅಂತ ಹಾಡಿಟ್ಟಿದ್ದು, ಪಕ್ಕಾ ಹಾಡುಗಾರಿಕೆ ಆಮೇಲೆ ಸ್ಟುಡಿಯೋದಲ್ಲಿ. ಇಲ್ಲಿ ಆಮೇಲೆ ಅನ್ನೋದೇ ಇಲ್ಲ. ಅವಳ ಮನೆಯವರನ್ನ ಕೇಳಿ, ಒಪ್ಪಿಗೆ ತಗೊಂಡು, ಮೂವರೂ ಸ್ಟೀಫನ್ ಸ್ಟ್ರೀಟ್ ಹತ್ತಿರ ಹೋದ್ರು.

2018ರ ವಸಂತದಲ್ಲಿ ಲಂಡನ್‌ನಲ್ಲಿ ರೆಕಾರ್ಡಿಂಗ್. ಸಾಮಾನ್ಯವಾಗಿ ಡ್ರಮ್ಸ್, ಬೇಸ್, ಗಿಟಾರ್ ಮುಗಿಸಿ ಕೊನೆಗೆ ದನಿ ಕೂರಿಸ್ತಾರೆ. ಇಲ್ಲಿ ದನಿ ಮೊದಲೇ ಇದೆ, ಅದನ್ನ ಅಲುಗಾಡಿಸೋ ಹಾಗಿಲ್ಲ. ಎಲ್ಲಿ ಉಸಿರು ಎಳೆದಿದ್ದಾಳೋ ಅಲ್ಲೇ ಡ್ರಮ್ಸ್ ಹೊಂದಿಕೊಳ್ಳಬೇಕು. ಜೊತೆ ದನಿ ಬೇಕಾದ ಕಡೆ ಜೊಹಾನಾ ಕ್ರ್ಯಾನಿಚ್ ಹಾಡಿದಳು. ಆಗಿದ್ದೇನು ಅಂದ್ರೆ, ಬೇರೆ ದಾರಿ ಇಲ್ಲದೆ ಇಡೀ ಬ್ಯಾಂಡ್ ಒಂದು ದನಿಯ ಸುತ್ತ ನಿಧಾನಕ್ಕೆ ನಡೆಯಬೇಕಾಯ್ತು. ಮೊದಲೆರಡು ಆಲ್ಬಂನಲ್ಲಿ ತಾನಾಗೇ ಆಗಿದ್ದು ಅದೇ ತಾನೇ?

11 ಹಾಡುಗಳ ಇನ್ ದಿ ಎಂಡ್ 2019ರ ಏಪ್ರಿಲ್ 26ರಂದು ಬಂತು. ಅತ್ಯುತ್ತಮ ರಾಕ್ ಆಲ್ಬಂ ಅಂತ ಗ್ರ್ಯಾಮಿಗೆ ನಾಮನಿರ್ದೇಶನವೂ ಆಯ್ತು, ಪ್ರಶಸ್ತಿ ಬರಲಿಲ್ಲ. ಡೊಲೊರೆಸ್ ಇಲ್ಲದೆ ಆ ಹೆಸರಲ್ಲಿ ಹೊಸ ಹಾಡು ಮಾಡಲ್ಲ ಅಂತ ಮೂವರೂ ಹೇಳಿ, ಅಲ್ಲಿಗೆ ನಿಲ್ಲಿಸಿದ್ರು.

[ತೆರೆಯಲ್ಲಿ: ಎಂಟೂ ಮುಖಪುಟಗಳು ಸಾಲಾಗಿ.]

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳೇ ಕೇಳ್ತೀರಿ. ನೋ ನೀಡ್ ಟು ಆರ್ಗ್ಯೂ ಹಾಕಿ, ಆದ್ರೆ ನಾಲ್ಕನೇ ಹಾಡು ಬಿಟ್ಟು ಕೇಳಿ. ಆಮೇಲೆ ಮೊದಲ ಆಲ್ಬಂ, ಆಮೇಲೆ ನೇರ ಇನ್ ದಿ ಎಂಡ್. ಇಯರ್‌ಫೋನ್ ಇದ್ರೆ ಒಳ್ಳೇದು, ಮೊಬೈಲ್ ಸ್ಪೀಕರ್‌ನಲ್ಲಿ ಅವಳ ದನಿ ಒಡೆಯೋದು ಸರಿಯಾಗಿ ಕೇಳಿಸಲ್ಲ. ಮೂರನೇ ಆಲ್ಬಂ ನಿಮಗೆ ಇಷ್ಟ ಆದ್ರೆ ಕೆಳಗೆ ಬರೀರಿ, ಯಾವ ಹಾಡು ಅಂತಾನೂ ಹೇಳಿ.