ಭಾನುವಾರದ ಸವಾರಿ, ಮಂಗಳವಾರದ ಊಟ

ಭಾನುವಾರ ಬೆಳಗ್ಗೆ 5 ಗಂಟೆಗೆ ಬೆಂಗಳೂರಿನ ಬಳ್ಳಾರಿ ರಸ್ತೆಗೆ ಬಂದರೆ ಸೈಕಲ್ ದೀಪಗಳ ಸಾಲು ಕಾಣುತ್ತದೆ. ಹೆಚ್ಚಿನವರು ನಂದಿ ಬೆಟ್ಟಕ್ಕೆ ಹೊರಟವರು. ಆ ಸಾಲಿನಲ್ಲಿ ನಾನೂ ಇರುತ್ತೇನೆ. ನಮ್ಮಲ್ಲಿ ತಿನ್ನುವ ಮಾತು ಬಂದರೆ ಯಾವ ಎನರ್ಜಿ ಜೆಲ್ (ಸವಾರಿ ನಡುವೆ ಹೀರುವ ಸಿಹಿ ಪೇಸ್ಟ್) ಒಳ್ಳೆಯದು, ಯಾವ ಪ್ರೊಟೀನ್ ಪೌಡರ್ ಒಳ್ಳೆಯದು ಅಂತಲೇ ಚರ್ಚೆ. ಮಂಗಳವಾರ ರಾತ್ರಿ ಏನು ಉಂಡಿರಿ ಅಂತ ಯಾರೂ ಕೇಳುವುದಿಲ್ಲ. ನನಗೆ ಅದೇ ದೊಡ್ಡ ಪ್ರಶ್ನೆ.

ಸವಾರಿ ವಾರಕ್ಕೆ ಒಂದೆರಡು ಸಲ. ಊಟ, ತಿಂಡಿ ಸೇರಿದರೆ 21 ಸಲ. ದಣಿದ ಕಾಲು ಚೇತರಿಸಿಕೊಳ್ಳುವುದು ಈ 21 ಹೊತ್ತಿನ ಊಟದಿಂದಲೇ ಅಲ್ವಾ?

ನಮ್ಮ ತಟ್ಟೆಯಲ್ಲಿ ಅನ್ನ ಜಾಸ್ತಿ, ಕಾಳು ಕಡಿಮೆ. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು. ಅನ್ನ ಬಿಡಿ ಅಂತ ನಾನು ಹೇಳುತ್ತಿಲ್ಲ, ಪೆಡಲ್ ತುಳಿಯುವವರಿಗೆ ಅದೂ ಬೇಕು. ಅನ್ನ ಒಂದು ಸೌಟು ಇಳಿಸಿ, ಹುರುಳಿಕಾಳಿನ ಪಲ್ಯವೋ ಹೆಸರುಕಾಳಿನ ಉಸಲಿಯೋ ಒಂದು ಬಟ್ಟಲು ಏರಿಸಿ. 100 ಗ್ರಾಂ ಒಣ ಹುರುಳಿಯಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಇದೆ. ಜೊತೆಗೆ ಮೊಸರು, ತಿನ್ನುವವರಾದರೆ ಮೊಟ್ಟೆ.

ಮುದ್ದೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸೈಕಲ್ ಮೇಲೆ ನಮ್ಮ ಭಾರವನ್ನು ಸೀಟು ಹೊರುತ್ತದೆ. ಹಾಗಾಗಿ ನಡಿಗೆ, ಓಟದಲ್ಲಿ ಮೂಳೆಗೆ ಸಿಗುವ ಕಸರತ್ತು ಇಲ್ಲಿ ಸಿಗುವುದಿಲ್ಲ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಅದಕ್ಕೇ ಸೈಕಲ್ ಹೊಡೆಯುವವರು ವಾರಕ್ಕೆ ಮೂರು ದಿನವಾದರೂ ಮುದ್ದೆ ಉಣ್ಣಲಿ, ದಿನಾ ಸ್ವಲ್ಪ ನಡೆಯಲಿ ಅನ್ನುವುದು ನನ್ನ ಆಸೆ.

ಒಂದು ಸಲ ತೂಕ ಇಳಿಯಲಿ ಅಂತ ಖಾಲಿ ಹೊಟ್ಟೆಯಲ್ಲೇ ನಂದಿಗೆ ಹೊರಟಿದ್ದೆ. ಬೆಟ್ಟದ ಅರ್ಧ ದಾರಿಯಲ್ಲಿ ಕೈ ನಡುಗಿತು, ಕಣ್ಣು ಮಂಜಾಯಿತು. ಇಳಿದು ಕಟ್ಟೆ ಮೇಲೆ ಕೂತೆ. ಜೊತೆಗಿದ್ದವರು ಕೊಟ್ಟ ಕಡಲೆ ಮಿಠಾಯಿಯೇ ಅವತ್ತು ನನ್ನನ್ನು ಮನೆ ಸೇರಿಸಿತು. ಈಗ ಹೊರಡುವ ಮೊದಲು ಎರಡು ಏಲಕ್ಕಿ ಬಾಳೆಹಣ್ಣು ತಿನ್ನುತ್ತೇನೆ, ಜೇಬಿನಲ್ಲಿ ಇನ್ನೆರಡು ಇರುತ್ತವೆ. ಒಂದು ಗಂಟೆಯೊಳಗಿನ ಸವಾರಿಗೆ ನೀರು ಸಾಕು. ಅದಕ್ಕೂ ಹೆಚ್ಚಾದರೆ ಮಾತ್ರ ದಾರಿಯಲ್ಲಿ ತಿನ್ನಬೇಕು. ಬೆವರು ಜಾಸ್ತಿ ಹೋದ ದಿನ ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ.

ಬೆಟ್ಟ ಇಳಿದ ಮೇಲೆ ಮಸಾಲೆ ದೋಸೆ ತಿನ್ನಿ, ಖುಷಿಯಾಗಿ ತಿನ್ನಿ. ಆದರೆ ಇವತ್ತು ಮಲಗುವ ಮೊದಲು ಎರಡು ಹಿಡಿ ಹುರುಳಿ ನೆನೆಹಾಕಿ. ನಾಳೆ ಬಟ್ಟೆಯಲ್ಲಿ ಕಟ್ಟಿಟ್ಟರೆ ನಾಡಿದ್ದಿಗೆ ಮೊಳಕೆ ಬಂದಿರುತ್ತದೆ.